ಗುಹೆಯೊಳಗೆ ಕೆಮ್ಮಿದವರು ಯಾರು?

ಉದಕಮಂಡಲದಲ್ಲಿ ವಿರಾಜಮಾನರಾಗಿರುವ, ಈ ಬೆಟ್ಟಸೀಮೆಯ ವಾಚನಾಲಯಗಳ ಪರೀಕ್ಷಕರಾದ ಮಾನ್ಯರೇ,

ನಮ್ಮ ವಾಚನಾಲಯದ ಅತ್ಯುತ್ತಮ ಪುಸ್ತಕವನ್ನು ತಾವು ಕಿರಾಣಿ ಅಂಗಡಿಯ ಪೊಟ್ಟಣಗಳನ್ನಾಗಿ ಮಾರ್ಪಡಿಸಿದ್ದೀರಿ. ಬೆಲ್ಲಕ್ಕೊಂದು ಹಾಳೆ, ಉಪ್ಪಿಗೊಂದು ಹಾಳೆ, ಒಣಮೀನಿಗೊಂದು ಹಾಳೆ. ಆ ಹಾಳೆಗಳನ್ನೆಲ್ಲ ನಾವು ಬಜಾರು ತಿರುಗಿ, ಹಟ್ಟಿ ಹಟ್ಟಿ ಅಲೆದು, ಮತ್ತೆ ಒಟ್ಟು ಮಾಡಿದ್ದೇವೆ. ಒಂದೇ ಒಂದು ಹಾಳೆ ಮಾತ್ರ ಕಾಣೆಯಾಗಿದೆ. ಅದು ಎಲ್ಲಿದೆ ಎಂಬುದು ನನಗೆ ಗೊತ್ತು. ಆದರೆ ಈಗಲೇ ಹೇಳುವುದಿಲ್ಲ. ತಾವು ಯಾವ ಕಾಗದವನ್ನೂ ಕೊನೆಯವರೆಗೆ ಓದುವುದಿಲ್ಲವೆಂದು ಈ ಕಡೆ ಒಂದು ವದಂತಿಯಿದೆ. ಆ ವದಂತಿ ಸುಳ್ಳೆಂದು ತೋರಿಸಲು ತಮಗೊಂದು ಅವಕಾಶ ಕೊಡಬೇಕೆಂಬುದು ನನ್ನ ಆಸೆ. ಇದನ್ನು ಲಕೋಟೆಯಲ್ಲಿ ಹಾಕಿ ಕಳುಹಿಸದೆ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೂ ಕಾರಣವಿದೆ. ನನ್ನ ಹತ್ತಿರ ಉಳಿದಿರುವ ಲಕೋಟೆ ಸುಕ್ಕಾಗಿದೆ. ಸುಕ್ಕಾದದ್ದನ್ನು ತಾವು ತೆರೆಯುವವರಲ್ಲ.

ತಾವು ದಯಮಾಡಿಸಿದ ದಿನವನ್ನು ಸ್ವಲ್ಪ ಜ್ಞಾಪಕಕ್ಕೆ ತಂದುಕೊಳ್ಳಿ. ಕೀಳ್ ಕೋತಗಿರಿಯ ಕಡೆ ನಮ್ಮ ಪುಟ್ಟ ಬಜಾರಿನಲ್ಲಿ ಆಲೂಗೆಡ್ಡೆ ಮಂಡಿಯ ಹಿಂದೆ ತಗಡಿನ ಚಾವಣಿಯ ಒಂದು ಕೋಣೆ. ಅದರ ಮುಂದಿನ ಅರ್ಧದಲ್ಲಿ ಗೋಣಿಚೀಲಗಳು, ಹಿಂದಿನ ಅರ್ಧದಲ್ಲಿ ಜ್ಞಾನ. ಮಂಜು ಹೇಗಿತ್ತೆಂದರೆ ತಮ್ಮ ಮೋಟಾರು ನಿಂತದ್ದು ಕೇಳಿಸಿತೇ ಹೊರತು ಕಾಣಿಸಲಿಲ್ಲ. ವಾಚನಾಲಯದ ಗೌರವ ಕಾರ್ಯದರ್ಶಿಯಾದ ನಾನು, ಮೊಣಕೈ ಹರಿದ ನನ್ನ ಕೋಟನ್ನು ಕೊಡವಿಕೊಂಡು, ಬಾಗಿಲಲ್ಲೇ ನಿಂತಿದ್ದೆ. ತಾವು ಇಳಿದಿರಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಿರಿ, ತಮ್ಮ ಒದ್ದೆ ಕೊಡೆಯನ್ನು ನನ್ನ ಕೈಗಿತ್ತು ಒಳಗೆ ನಡೆದಿರಿ. ಒಳಗೆ ಮಂಡಿಯ ತೂಕದಾಳು ರಂಗನಾಥನ್ ಚೀಲ ಎಣಿಸುತ್ತಿದ್ದ. ಅವನ ಮೈಮೇಲೆ ಯಾವುದೋ ಎಸ್ಟೇಟಿನ ಬಿಳಿ ದೊರೆ ತನ್ನ ಸೀಮೆಗೆ ಹೋಗುವಾಗ ಹರಾಜು ಹಾಕಿಸಿದ ಉಣ್ಣೆಯ ಕೋಟು. ಹಿತ್ತಾಳೆ ಗುಂಡಿಗಳನ್ನು ಅವನು ವಾರಕ್ಕೊಮ್ಮೆ ಹುಣಸೆಹಣ್ಣಿನಲ್ಲಿ ತಿಕ್ಕುತ್ತಾನೆ. ತಾವು ಅವನ ಕೈ ಕುಲುಕಿ, "ಕಾರ್ಯದರ್ಶಿಗಳೇ, ತಮ್ಮಂಥವರಿಂದ ಈ ಕಾಡು ಊರಿನಲ್ಲೂ ವಿದ್ಯೆ ಉಳಿದಿದೆ" ಎಂದಿರಿ. ರಂಗನಾಥನ್ ಬಲು ಮರ್ಯಾದಸ್ಥ. ಮನೆಗೆ ಬಂದವರ ಮಾತಿಗೆ ಇಲ್ಲವೆನ್ನುವುದು ನಮ್ಮ ಹಟ್ಟಿಯಲ್ಲಿ ವಾಡಿಕೆಯಲ್ಲ. ಅವನು "ಓ" ಎಂದ. ತಾವು ಪುಸ್ತಕಗಳ ಘನತೆಯ ಮೇಲೆ ಭಾಷಣ ಮಾಡಿದಿರಿ. ಅವನು ಪ್ರತಿ ವಾಕ್ಯಕ್ಕೂ "ಓ" ಎಂದ. ಆಮೇಲೆ ನನ್ನ ಹತ್ತಿರ ಬಂದು, ದೊಡ್ಡವರು ಬಹಳ ಚೆನ್ನಾಗಿ ಮಾತಾಡಿದರು, ಆದರೆ ಏನನ್ನು ತೂಗಬೇಕೆಂದು ಮಾತ್ರ ಹೇಳಲಿಲ್ಲ ಎಂದು ಪೇಚಾಡಿಕೊಂಡ.

ನಾನು ಇದಕ್ಕಾಗಿ ದೂರು ಕೊಡುತ್ತಿಲ್ಲ. ಮನುಷ್ಯರನ್ನು ಕೋಟು ನೋಡಿ ಅಳೆಯುವುದು ಲೋಕರೂಢಿ. ನನ್ನ ಅತ್ತೆಯ ಮನೆಯವರೂ ಅದನ್ನೇ ಮಾಡಿದ್ದರು. ಆದರೆ ತಾವು ಅದೇ ಕಣ್ಣನ್ನು ತಿರುಗಿಸಿ ಪುಸ್ತಕಗಳ ಮೇಲೆ ಇಟ್ಟಿರಿ ನೋಡಿ, ಅಲ್ಲಿಂದ ನನ್ನ ದೂರು ಶುರು.

ನಮ್ಮ ಹಲಗೆಯ ಮೇಲಿನ ಪುಸ್ತಕಗಳು ಕಪ್ಪಗಿದ್ದವು. ಕೆಲವಕ್ಕೆ ಹೊದಿಕೆಯಿರಲಿಲ್ಲ, ಕೆಲವಕ್ಕೆ ಬೆನ್ನಿರಲಿಲ್ಲ, ಎಲ್ಲಕ್ಕೂ ಹೊಗೆಯ ವಾಸನೆಯಿತ್ತು. ತಾವು ಕರವಸ್ತ್ರವನ್ನು ಮೂಗಿಗೆ ಹಿಡಿದು, ತಾವೇ ನೇಮಿಸಿಕೊಂಡ ಕಾರ್ಯದರ್ಶಿಯನ್ನು ಕೇಳಿದಿರಿ:

"ಇಲ್ಲಿ ಬೆಂಕಿ ಬಿದ್ದದ್ದು ಯಾವಾಗ?"

"ಬೆಂಕಿಯೇ? ದಿನಾ ಉಂಟು, ಸಾಮಿ," ಎಂದ ರಂಗನಾಥನ್. "ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ."

"ದಿನಾ? ಯಾರೂ ಆರಿಸುವುದಿಲ್ಲವೇ?"

"ಆರಿದರೆ ಮನೆಯವಳು ಬೈಯುವಳು, ಸಾಮಿ."

ಹೀಗೆ ತಮ್ಮ ಆದೇಶ ಹುಟ್ಟಿತು. ಬೆಂಕಿಯಿಂದ ಹಾನಿಗೊಂಡವು, ಹೊದಿಕೆ ಹರಿದವು, ಮಲಿನವಾದವು ಎಲ್ಲವನ್ನೂ ಕೂಡಲೇ ತೆಗೆದು ರದ್ದಿಗೆ ಹಾಕತಕ್ಕದ್ದು; ಎಳೆಯರಿಗೆ ಗಾಜಿನ ಬೀರುವಿನಲ್ಲಿರುವ, ಅಂದವಾದ ರಟ್ಟಿನ ಪುಸ್ತಕಗಳನ್ನು ಮಾತ್ರ ಕೊಡತಕ್ಕದ್ದು; ಏಕೆಂದರೆ "ಹೊರಗಿನ ಶುಚಿಯೇ ಒಳಗಿನ ಶುಚಿಯ ಲಕ್ಷಣ." ಆಹಾ, ಎಂಥ ವಾಕ್ಯ! ಇದನ್ನು ನಮ್ಮ ಹಟ್ಟಿಯ ಎಮ್ಮೆಗಳಿಗೆ ಓದಿ ಹೇಳಬೇಕೆಂದಿದ್ದೆ. ದಿನವಿಡೀ ಕೆಸರಿನಲ್ಲಿ ಬಿದ್ದಿದ್ದು ಸಂಜೆ ಅಷ್ಟು ಬಿಳಿಯ ಹಾಲು ಕೊಡುವ ಅವು ನಾಚಿ ನೀರಾಗಿ, ಹಾಲಿಗೆ ಇನ್ನಷ್ಟು ನೀರು ಬೆರೆತೀತೆಂದು ಸುಮ್ಮನಾದೆ.

ಮಾನ್ಯರೇ, ಆ ಪುಸ್ತಕಗಳು ಕಪ್ಪಾದದ್ದು ಯಾವ ಅಪಘಾತದಿಂದಲೂ ಅಲ್ಲ, ಅಕ್ಕರೆಯಿಂದ. ಮಳೆಗಾಲ ಹಿಡಿಯಿತೆಂದರೆ ಆ ಕೋಣೆಯ ತಗಡು ಸೋರುತ್ತದೆ. ಬೂಷ್ಟು ಬರುತ್ತದೆ, ಬೆಳ್ಳಿಹುಳು ಬರುತ್ತದೆ. ಆದ್ದರಿಂದ ಮಳೆಗೆ ಮುಂಚೆ ಹಟ್ಟಿಯವರು ಬಂದು ತಮಗೆ ಬೇಕಾದ ಪುಸ್ತಕಗಳನ್ನು ಹೊತ್ತುಕೊಂಡು ಹೋಗಿ ಒಲೆಯ ಮೇಲಿನ ಅಟ್ಟದಲ್ಲಿ, ರಾಗಿ ಸಾಮೆಯ ಬೀಜದ ಪಕ್ಕದಲ್ಲಿ ಇಡುತ್ತಾರೆ. ಹೊಗೆ ಹತ್ತಿದ ಬೀಜಕ್ಕೆ ಹುಳು ಹತ್ತುವುದಿಲ್ಲ. ಹೊಗೆ ಹತ್ತಿದ ಪುಸ್ತಕಕ್ಕೂ ಹತ್ತುವುದಿಲ್ಲ. ಮಳೆ ಮುಗಿದ ಮೇಲೆ ಅವು ಹಿಂದಕ್ಕೆ ಬರುತ್ತವೆ, ಸ್ವಲ್ಪ ಕಪ್ಪಾಗಿ, ಸ್ವಲ್ಪ ಕೆಮ್ಮು ಬರಿಸುವಂತಾಗಿ, ಆದರೆ ಒಂದಕ್ಷರವೂ ನಷ್ಟವಾಗದೆ. ಯಾರಿಗೂ ಬೇಡವಾದವು ಗಾಜಿನ ಬೀರುವಿನಲ್ಲೇ ಉಳಿಯುತ್ತವೆ. ಅಂದಮೇಲೆ ನಮ್ಮಲ್ಲಿ ಎಷ್ಟು ಕಪ್ಪೋ ಅಷ್ಟು ಪ್ರಿಯ. ತಾವು ಹಲಗೆಯ ಮುಂದೆ ನಿಂತು ಊರಿನ ಪ್ರೀತಿಯನ್ನೆಲ್ಲ ಒಂದೊಂದಾಗಿ ಬೆರಳು ಮಾಡಿ ತೋರಿಸಿ, "ಇದು ರದ್ದಿ, ಇದು ರದ್ದಿ" ಎಂದಿರಿ. ನಾನು ಹಿಂದಿನಿಂದ ಏನೋ ಹೇಳಲು ಬಾಯಿ ತೆರೆದೆ. "ಕೊಡೆ ಜೋಪಾನ" ಎಂದಿರಿ.

ಇನ್ನು ಆ ಗಾಜಿನ ಬೀರುವಿನ ವಿಷಯ. ಅದರಲ್ಲಿ ಕೆಂಪು ಚರ್ಮದ ರಟ್ಟು, ಅಂಚಿಗೆ ಚಿನ್ನದ ರೇಕು, ನಡುವೆ ರೇಷ್ಮೆಯ ಗುರುತಿನ ದಾರವುಳ್ಳ ಒಂದು ಭಾರೀ ಗ್ರಂಥವಿದೆ. ತಾವು ಅದನ್ನು ಕೈಯಲ್ಲೆತ್ತಿ, ಮಗುವಿನ ಬೆನ್ನು ಸವರುವಂತೆ ಸವರಿ, "ಎಳೆಯ ಮನಸ್ಸುಗಳಿಗೆ ಅತ್ಯಂತ ಯೋಗ್ಯ" ಎಂದು ಮೊಹರು ಹಾಕಿಸಿದಿರಿ. ತೆರೆಯಲಿಲ್ಲ. ತೆರೆದಿದ್ದರೆ ತಿಳಿಯುತ್ತಿತ್ತು: ಅದು ಸೀಮೆಯ ಒಂದು ದೊಡ್ಡ ಅಂಗಡಿಯವರು ತಮ್ಮ ಗಿರಾಕಿಗಳಿಗಾಗಿ ಅಚ್ಚು ಹಾಕಿಸಿದ ಸ್ನಾನದ ತೊಟ್ಟಿಗಳ ಬೆಲೆಪಟ್ಟಿ. ಆ ಕೋಟಿನ ದೊರೆಯೇ ಹೋಗುವಾಗ ದಾನ ಮಾಡಿದ್ದು. ಉದ್ದ ತೊಟ್ಟಿ, ಗಿಡ್ಡ ತೊಟ್ಟಿ, ಕೂತು ಮೀಯುವ ತೊಟ್ಟಿ, ಮಲಗಿ ಮೀಯುವ ತೊಟ್ಟಿ. ಸಿಂಹದ ಪಾದಗಳುಳ್ಳ ತೊಟ್ಟಿಯೊಂದಿದೆ. ಅದರ ಚಿತ್ರ ನೋಡಿದ ಒಂದು ಕೂಸು, ಇದು ರಾತ್ರಿ ಹೊತ್ತು ತಾನೇ ನಡೆದುಕೊಂಡು ಹೊಳೆಗೆ ಹೋಗಿ ನೀರು ತರುವುದೇ ಎಂದು ನನ್ನನ್ನು ಕೇಳಿತು. ಎಳೆಯ ಮನಸ್ಸು ಅರಳುವುದೆಂದರೆ ಇದೇ ಇರಬೇಕು. ತಮ್ಮ ಮೊಹರಿನ ಮಹಿಮೆ.

ಈಗ ಹಾಲಿ ಎಂಬ ಹುಡುಗಿಯ ಕಥೆಗೆ ಬರುತ್ತೇನೆ. ಈ ಪತ್ರವನ್ನು ನಾನು ಬರೆಯುತ್ತಿರುವುದು ಅವಳಿಗಾಗಿ.

ಹಾಲಿ ನಮ್ಮ ಹಟ್ಟಿಯ ಲಿಂಗಿ ಹೆತ್ತೆಯ ಮೊಮ್ಮಗಳು. ಹೆತ್ತೆ ಎಂದರೆ ಅಜ್ಜಿ. ನಮ್ಮ ಲಿಂಗಿ ಊರಿಗೆಲ್ಲ ಹೆತ್ತೆ. ಹುಡುಗಿ ಶಾಲೆಯಲ್ಲಿ ಕನ್ನಡ ಓದಲು ಕಲಿತಿದ್ದಾಳೆ, ಆದರೆ ಪಾಠದ ಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿದವಳಲ್ಲ. ಕಳೆದ ಬೇಸಗೆಯಲ್ಲಿ ಒಂದು ದಿನ ವಾಚನಾಲಯಕ್ಕೆ ಬಂದು ಬಾಗಿಲಲ್ಲೇ ನಿಂತಳು. ಇಷ್ಟೊಂದರಲ್ಲಿ ಯಾವುದನ್ನು ತೆಗೆಯುವುದೆಂದು ದಿಕ್ಕು ತೋಚಲಿಲ್ಲ. ನಾನು ಮೂರ್ಖನಂತೆ, ನಿನಗೆ ಇಷ್ಟವಾದದ್ದನ್ನು ತೆಗೆ ಎಂದೆ. ಓದದೆ ಇಷ್ಟವಾಗುವುದು ಹೇಗೆ, ಇಷ್ಟವಾಗದೆ ಓದುವುದು ಹೇಗೆ? ಅವಳು ನನ್ನನ್ನು ಕನಿಕರದಿಂದ ನೋಡಿ ಮನೆಗೆ ಹೋದಳು. ಮನೆಯಲ್ಲಿ ಹೆತ್ತೆ ಬಿತ್ತನೆಗೆ ಆಲೂಗೆಡ್ಡೆ ಆರಿಸುತ್ತ ಕೂತಿದ್ದಳು. ಮೊಮ್ಮಗಳು ಹೊಳೆಹೊಳೆಯುವ ದಪ್ಪ ಗೆಡ್ಡೆಗಳನ್ನು ಆರಿಸಿ ಬಿತ್ತನೆಯ ಗುಡ್ಡೆಗೆ ಹಾಕಹೋದಳು. ಹೆತ್ತೆ ಕೈಗೆ ಮೆಲ್ಲಗೆ ಒಂದು ಕೊಟ್ಟಳು.

"ನುಣ್ಣಗಿಪ್ಪ ಗಾಸು ಮಂಡಿಗೆ ಹೋಗಲಿ, ಕೂಸು. ಅದ ನೋಡಿ ದೊರೆ ಮೆಚ್ಚಲಿ. ಸುಕ್ಕು ಬಿದ್ದು ಕಣ್ಣು ಬಿಟ್ಟದ್ದು ಎಮಗ ಬೇಕು. ಅದು ಮೊಳೆವದು."

ಗಾಸು ಎಂದರೆ ನಮ್ಮವರ ಬಾಯಲ್ಲಿ ಆಲೂಗೆಡ್ಡೆ. ಅದರ ಮೈಮೇಲಿನ ಮೊಳಕೆಯ ಗುಳಿಗಳೇ ಕಣ್ಣು. ಇಷ್ಟು ಕೇಳಿದ್ದೇ ತಡ, ಮರುದಿನ ಹಾಲಿ ಬಂದಳು. ಗಾಜಿನ ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ. ಹಲಗೆಯ ಮೇಲಿಂದ ಎಲ್ಲಕ್ಕಿಂತ ಕಪ್ಪಾದ, ಎಲ್ಲಕ್ಕಿಂತ ಸುಕ್ಕಾದ ಒಂದನ್ನು ಎಳೆದಳು. ಹೊದಿಕೆಯಿಲ್ಲ, ಹೆಸರಿಲ್ಲ, ಮೊದಲ ಕೆಲವು ಹಾಳೆಗಳೂ ಇಲ್ಲ. ಬರೆದವರು ಯಾರೆಂದು ಆ ದೇವರಿಗೇ ಗೊತ್ತು. ಊರಿನವರು ಅದನ್ನು "ತಲೆಯಿಲ್ಲದ ಪುಸ್ತಕ" ಎನ್ನುತ್ತಿದ್ದರು. ಇದನ್ನೇಕೆ ಆರಿಸಿದೆ ಎಂದು ಕೇಳಿದೆ. ಹಾಳೆಗಳ ಅಂಚಿನಲ್ಲಿ ಯಾರುಯಾರದೋ ಹೆಬ್ಬೆರಳಿನ ಕಲೆಗಳು ಸಾಲಾಗಿ ಇದ್ದವು. ಅವನ್ನು ತೋರಿಸಿ, "ನೋಡು ಮಾಮಾ, ಎಷ್ಟು ಕಣ್ಣು ಬಿಟ್ಟಿದೆ" ಎಂದಳು.

ಆಮೇಲೆ ನಡುವೆ ಒಂದು ಕಡೆ ತೆರೆದು, ನಿಂತಲ್ಲೇ ಒಂದು ಪುಟ ಓದಿದಳು. ನಂತರ ಗೋಣಿಚೀಲದ ಮೇಲೆ ಕೂತು ಮೊದಲಿನಿಂದ ಓದಿದಳು. ಮಂಡಿ ಮುಚ್ಚುವ ಹೊತ್ತಿಗೆ ಏಳು ಎಂದರೆ ಏಳಲಾರಳು. ಕಾಲಿಗೆ ಜೋಮು ಹಿಡಿದಿತ್ತು. ರಂಗನಾಥನ್ ಅವಳನ್ನು ಚೀಲ ಎತ್ತುವಂತೆ ಎತ್ತಿ ನಿಲ್ಲಿಸಿದ. ಅಂದಿನಿಂದ ನಮ್ಮ ವಾಚನಾಲಯದಲ್ಲಿ ಎಳೆಯರಿಗೆ ಪುಸ್ತಕ ಆರಿಸಿಕೊಡುವ ನಿಯಮ ಇದೇ: ಹೊದಿಕೆಯನ್ನು ಕೇಳಬೇಡ, ಹೆಸರನ್ನು ಕೇಳಬೇಡ, ನಡುವಿನಿಂದ ಒಂದು ಪುಟ ಓದು, ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳು ಸಾಕು. ಕಾಲಿಗೆ ಜೋಮು ಹಿಡಿದರೆ ಮನೆಗೆ ತೆಗೆದುಕೊಂಡು ಹೋಗು, ಕಣ್ಣಿಗೆ ಜೋಂಪು ಹಿಡಿದರೆ ಇದ್ದಲ್ಲೇ ಇಡು. ತಮ್ಮ ಇಲಾಖೆಯ ಸುತ್ತೋಲೆಗಳಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಪ್ರಯೋಜನಕ್ಕೆ ಬರುವ ನಿಯಮ ಇನ್ನೊಂದಿದ್ದರೆ ತೋರಿಸಿ. ನಾನು ಈ ಕೋಟನ್ನೇ ತಮಗೆ ಬಹುಮಾನವಾಗಿ ಕೊಡುತ್ತೇನೆ.

ಹಾಗೆಂದು ಹರಿದದ್ದೆಲ್ಲ ರತ್ನ, ಮಿನುಗುವುದೆಲ್ಲ ತೊಟ್ಟಿ ಎಂದು ನಾನು ವಾದಿಸುತ್ತೇನೆಂದು ತಿಳಿಯಬೇಡಿ. ಅದು ತಮ್ಮ ತಪ್ಪನ್ನೇ ತಲೆಕೆಳಗಾಗಿ ಮಾಡಿದಂತೆ. ನಮ್ಮ ಹಲಗೆಯ ಮೇಲೆ ಒಂದು ಪುಸ್ತಕವಿತ್ತು. ಸದ್ವರ್ತನೆಯ ಮೇಲೆ, ಬಹಳ ಹರಿದಿತ್ತು. ಎಷ್ಟು ಜನ ಓದಿ ಹರಿದಿರಬೇಕೆಂದು ನಾನೂ ಗೌರವದಿಂದಲೇ ನೋಡುತ್ತಿದ್ದೆ. ವಿಚಾರಿಸಿದರೆ ಅದನ್ನು ಹರಿದದ್ದು ಒಂದು ಆಡು. ಅರ್ಧ ತಿಂದು ಉಳಿದರ್ಧ ಬಿಟ್ಟುಹೋಗಿತ್ತು. ನಾನು ಆ ಉಳಿದರ್ಧ ಓದಿದೆ. ಆಡಿನ ಅಭಿಪ್ರಾಯವೇ ಸರಿ. ಇತ್ತ ಗಾಜಿನ ಬೀರುವಿನಲ್ಲಿ ನೀಲಿ ರೇಷ್ಮೆ ರಟ್ಟಿನ ಒಂದು ಪುಸ್ತಕವಿದೆ, ಹಕ್ಕಿಗಳ ಗೂಡುಗಳ ಮೇಲೆ. ಅದರಷ್ಟು ಚೆಂದದ್ದನ್ನು ನಾನು ಕಂಡಿಲ್ಲ, ಒಳಗೂ ಹೊರಗೂ. ಪಾಪ, ಅದರ ಅಂದವೇ ಅದಕ್ಕೆ ಶತ್ರು. ಮುಟ್ಟಿದರೆ ಮಾಸೀತೆಂದು ಒಂದು ಮಗುವೂ ಅದನ್ನು ಮುಟ್ಟದಂತೆ ಇಲಾಖೆಯ ಹಳೆಯ ನಿಯಮದ ಪ್ರಕಾರ ಬೀಗ ಹಾಕಿಟ್ಟಿದ್ದೇವೆ. ನಾನು ಹೇಳುವುದಿಷ್ಟೇ. ಪುಸ್ತಕದ ಚರ್ಮ ಪುಸ್ತಕವಲ್ಲ. ತೆರೆಯಿರಿ. ತೆರೆಯಲು ಬಿಡಿ. ಇದನ್ನು ಹೇಳಲು ಒಬ್ಬ ಗೌರವ ಕಾರ್ಯದರ್ಶಿ ಬೇಕೇ? ಕೇಳಲು ಒಬ್ಬ ಪರೀಕ್ಷಕರು ಬೇಕೇ?

ಬೇಕಾಯಿತು, ಏನು ಮಾಡುವುದು. ತಮ್ಮ ಆದೇಶ ಹಿಡಿದು ತಮ್ಮ ಜವಾನ ಬಂದ. ಮಳೆಗಾಲದಲ್ಲಿ ಆ ಪುಸ್ತಕ ಹೆತ್ತೆಯ ಮನೆಯ ಅಟ್ಟದಲ್ಲೇ ಇತ್ತು. ಹಾಲಿ ದಿನಕ್ಕಿಷ್ಟು ಎಂದು, ಮುಗಿದುಹೋದೀತೆಂಬ ಹೆದರಿಕೆಯಿಂದ, ಚೂರು ಚೂರೇ ಓದುತ್ತಿದ್ದಳು. ಓದಿದ್ದನ್ನು ಒಲೆಯ ಮುಂದೆ ಹೆತ್ತೆಗೆ ಹೇಳುತ್ತಿದ್ದಳು. ಕಥೆ ಸಮುದ್ರದ್ದು. ಮುತ್ತು ತೆಗೆಯುವವರ ಜೊತೆ ಹೋದ ಅಪ್ಪ ತಿರುಗಿ ಬರಲಿಲ್ಲವೆಂದು ಅವನ ಮಗಳು, ಬೆಸ್ತರ ಹುಡುಗಿ, ಒಬ್ಬಳೇ ದೋಣಿ ಹತ್ತಿ ಹುಡುಕಿಕೊಂಡು ಹೋಗುತ್ತಾಳೆ. ನಮ್ಮಲ್ಲಿ ಸಮುದ್ರ ಕಂಡವರು ಯಾರೂ ಇಲ್ಲ. ಹೆತ್ತೆ, ಅಷ್ಟು ನೀರಿಗೆ ಬೇಲಿ ಹಾಕಿದವರಾರು ಎಂದು ಕೇಳಿದಳಂತೆ. ಮಳೆ ಮುಗಿದು ಪುಸ್ತಕಗಳೆಲ್ಲ ಹಲಗೆಗೆ ಹಿಂದಿರುಗಿದ ಮೇಲೂ ಹಾಲಿಯ ಓದು ಅಲ್ಲೇ ಗೋಣಿಚೀಲದ ಮೇಲೆ ಸಾಗಿತ್ತು. ಜವಾನ ಪುಸ್ತಕವನ್ನು ಅವಳ ಕೈಯಿಂದಲೇ ತೆಗೆದುಕೊಂಡ. ಅವನೂ ಒಳ್ಳೆಯವನೇ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ತೆಗೆದ. ಬದಲಿಗೆ ಆದೇಶದ ಪ್ರಕಾರ ಆ ಕೆಂಪು ಗ್ರಂಥವನ್ನು ಅವಳ ತೊಡೆಯ ಮೇಲಿಟ್ಟೆವು. ಅವಳು ಕೆಲವು ಪುಟ ತಿರುವಿ ನೋಡಿದಳು.

"ಮಾಮಾ, ಇದರಲ್ಲಿ ಜನವೇ ಇಲ್ಲ," ಎಂದಳು. "ಬರೀ ತೊಟ್ಟಿ. ಅದರಲ್ಲೂ ನೀರಿಲ್ಲ."

ಗ್ರಂಥವನ್ನು ಮೆಲ್ಲಗೆ ಚೀಲದ ಮೇಲಿಟ್ಟು ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ ನಿಂತಳು.

"ಅವಳು ಇನ್ನೂ ದೋಣಿಯಲ್ಲೇ ಇದ್ದಾಳೆ, ಮಾಮಾ."

ಅಷ್ಟೇ ಹೇಳಿದ್ದು. ಮಾನ್ಯರೇ, ನಾನು ಹಾಸ್ಯದ ಮನುಷ್ಯ. ಯಾವ ಮಾತಿಗೂ ಪ್ರತಿಮಾತು ನನ್ನ ಜೇಬಿನಲ್ಲಿ ಸದಾ ಇರುತ್ತದೆ. ಆ ಹೊತ್ತು ಅದನ್ನು ಹುಡುಕದೆ ಜವಾನನ ಹಿಂದೆ ಬಜಾರಿನತ್ತ ಹೊರಟೆ.

ರದ್ದಿ ಹೋದದ್ದು ಬಜಾರಿನ ಜಯರಾಮನ್ ಚೆಟ್ಟಿಯಾರರ ಅಂಗಡಿಗೆ. ನಾನು ಓಡಿಹೋಗಿ ಹಿಂದಕ್ಕೆ ಕೇಳುವಷ್ಟರಲ್ಲಿ ಅವರು ತಲೆಯಿಲ್ಲದ ಪುಸ್ತಕದ ಹಾಳೆ ಬಿಡಿಸಿ ಪೊಟ್ಟಣ ಕಟ್ಟಲು ಶುರು ಮಾಡಿಯಾಗಿತ್ತು. ಓದುವ ಕಾಗದವನ್ನು ಹೀಗೆ ಮಾಡಬಹುದೇ ಎಂದು ಕೇಳಿದೆ. ಚೆಟ್ಟಿಯಾರರು ಬೆರಳಿಗೆ ದಾರ ಸುತ್ತುತ್ತಲೇ ಉತ್ತರ ಕೊಟ್ಟರು: "ಸಾಮಿ, ಓದೋ ಕಾಗದ, ಓದದ ಕಾಗದ ಅಂತ ನನ್ನ ತಕ್ಕಡಿಗೆ ಗೊತ್ತಾಗೋದಿಲ್ಲ. ನಿಮ್ಮ ಸರ್ಕಾರಕ್ಕೇ ಗೊತ್ತಾಗಲಿಲ್ಲ."

ಗಮನಿಸಿ, ಮಾನ್ಯರೇ. ಹೊದಿಕೆಯಿಲ್ಲವೆಂಬ ಒಂದೇ ಅಪರಾಧಕ್ಕಾಗಿ ತಾವು ಶಿಕ್ಷಿಸಿದ ಪುಸ್ತಕ ಈಗ ಇಡೀ ಬಜಾರಿಗೆ ಹೊದಿಕೆಯಾಯಿತು. ಇದಕ್ಕಿಂತ ದೊಡ್ಡ ಬಡ್ತಿ ಯಾವ ಪುಸ್ತಕಕ್ಕೆ ಸಿಕ್ಕಿದೆ?

ಮುಂದೆ ನಡೆದದ್ದನ್ನು ತಮ್ಮ ವಾರ್ಷಿಕ ವರದಿಯಲ್ಲಿ "ಓದುಗರ ಸಂಖ್ಯೆಯಲ್ಲಿ ಗಣನೀಯ ಹೆಚ್ಚಳ" ಎಂಬ ತಲೆಬರಹದ ಕೆಳಗೆ ಸೇರಿಸಬಹುದು. ಬೆಲ್ಲ ತಂದ ಒಬ್ಬಳು ಪೊಟ್ಟಣ ಬಿಚ್ಚಿ ನೋಡಿದರೆ ಅದರೊಳಗೆ ಬಿರುಗಾಳಿ. ದೋಣಿ ಮಗುಚುವ ಹೊತ್ತಿಗೆ ಸರಿಯಾಗಿ ಹಾಳೆ ಮುಗಿಯಿತು. ಅವಳು ಪಕ್ಕದ ಮನೆಗೆ ಓಡಿದಳು. ಅಲ್ಲಿ ಉಪ್ಪಿನ ಪೊಟ್ಟಣವಿತ್ತು, ಆದರೆ ಅದು ಎರಡು ಅಧ್ಯಾಯ ಹಿಂದಿನದು. ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹಬ್ಬಿತು. ಚೆಟ್ಟಿಯಾರರ ಅಂಗಡಿಯ ಮುಂದೆ ನೂಕುನುಗ್ಗಲು. ಎಂದೂ ಸಾಸಿವೆ ತಿನ್ನದವರು ಸಾಸಿವೆ ಕೊಂಡರು. ಇಂಗನ್ನು ಇಷ್ಟಿಷ್ಟೇ, ಬೇರೆ ಬೇರೆಯಾಗಿ ಕಟ್ಟಿಕೊಡಿ ಎಂದು ಹೆಂಗಸರು ಜಗಳವಾಡಿದರು. ಒಬ್ಬನಂತೂ ತಾನು ಕೊಂಡ ಬೇಳೆಯನ್ನು ತಿರುಗಿ ಕೊಟ್ಟು, ಬೇಳೆ ಚೆನ್ನಾಗಿದೆ, ಹಾಳೆ ಮಾತ್ರ ಕಥೆಯ ಹಿಂದಿನ ಭಾಗದ್ದು, ಬದಲಾಯಿಸಿ ಎಂದ. ಚೆಟ್ಟಿಯಾರರು ಮೊದಲು ಬೆರಗಾದರು, ಆಮೇಲೆ ಬೆಳಗಿದರು. ಈ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿಯತೊಡಗಿದರು. ಮೂರನೆಯ ದಿನಕ್ಕೆ ಅವರೇ ಕೂಗಿ ಹೇಳುತ್ತಿದ್ದರು: ದೋಣಿ ಮುಳುಗುವುದು ಕೊತ್ತಂಬರಿಯಲ್ಲಿ, ಹುಡುಗಿ ಬದುಕುವುದು ಕಡಲೆಯಲ್ಲಿ.

ಮೆಣಸಿನಕಾಯಿ ಕಟ್ಟಿದ ಹಾಳೆಯನ್ನು ಓದಿದವರೆಲ್ಲ ಕಣ್ಣೀರು ಸುರಿಸಿದರು. ಆ ಹಾಳೆಯಲ್ಲಿ ನಡೆಯುತ್ತಿದ್ದುದು ಒಂದು ಮದುವೆಯ ಊಟ. ಒಣಮೀನು ಕಟ್ಟಿದ ಹಾಳೆ ನಡುಗಡಲಿನದು. ಅದನ್ನು ಮೂಗಿನ ಹತ್ತಿರ ಹಿಡಿದು ಓದಿಸಿಕೊಂಡ ಲಿಂಗಿ ಹೆತ್ತೆ, ಸಮುದ್ರ ಹೀಗೆ ನಾರುತ್ತದೆಂದು ಮೊದಲೇ ಹೇಳಬಾರದಿತ್ತೇ, ತಾನು ಬೇಲಿಯ ಚಿಂತೆಯನ್ನೇ ಮಾಡುತ್ತಿರಲಿಲ್ಲ ಎಂದಳು.

ಹಾಲಿ ಒಂದು ವಾರ ಮುಖ ಊದಿಸಿಕೊಂಡಿದ್ದವಳು ಇದನ್ನೆಲ್ಲ ಕೇಳಿ ಒಂದು ಬುಟ್ಟಿ ಹಿಡಿದು ಹೊರಟಳು. ಮನೆ ಮನೆಗೆ ಹೋಗಿ ಹಾಳೆ ಕೇಳಿದಳು. ಯಾರೂ ಇಲ್ಲವೆನ್ನಲಿಲ್ಲ, ಆದರೆ ಯಾರೂ ಸುಮ್ಮನೆಯೂ ಕೊಡಲಿಲ್ಲ. ಮುಂದೇನಾಯಿತೆಂದು ಬಂದು ಹೇಳಬೇಕೆಂದು ಮಾತು ತೆಗೆದುಕೊಂಡು ಕೊಟ್ಟರು. ಹಟ್ಟಿಯ ಮುಂದಿನ ಹುಲ್ಲಿನ ಬಯಲಿನಲ್ಲಿ, ಬಿಸಿಲು ಬಿದ್ದ ಒಂದು ದಿನ, ಹಾಳೆಗಳನ್ನೆಲ್ಲ ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಆಲೂಗೆಡ್ಡೆ ಇಟ್ಟು, ಪುಟದ ಸಂಖ್ಯೆ ನೋಡಿ ಜೋಡಿಸಿದಳು. ರಂಗನಾಥನ್ ಗೋಣಿ ಹೊಲಿಯುವ ದಬ್ಬಳ ತಂದು ಬೆನ್ನು ಹೊಲಿದ. ಹೊಲಿಗೆ ಎಂಥದೆಂದರೆ ಆ ಪುಸ್ತಕದಲ್ಲಿ ಇನ್ನು ಧೈರ್ಯವಾಗಿ ಗೆಡ್ಡೆ ತುಂಬಬಹುದು. ಊರೆಲ್ಲ ಸುತ್ತ ಕೂತಿತು. ಹಾಲಿ ದೋಣಿಯಿಂದ ಓದಲು ಹಿಡಿದಳು. ದೋಣಿ ಮುಳುಗಿತು, ಹುಡುಗಿ ಬದುಕಿದಳು, ಒಂದು ದ್ವೀಪಕ್ಕೆ ಬಂದಳು. ಮರಳಿನ ಮೇಲೆ ಹಳೆಯದೊಂದು ಮುತ್ತಿನ ಚಿಪ್ಪು. ಚಿಪ್ಪಿನಾಚೆ ಹೆಜ್ಜೆ ಗುರುತು. ಹೆಜ್ಜೆ ಹಿಡಿದು ಹೋದರೆ ಕತ್ತಲೆಯ ಗುಹೆ. ಅವಳು ಬಾಗಿಲಲ್ಲಿ ನಿಂತು "ಅಪ್ಪಾ" ಎಂದು ಕರೆದಳು. ಆಗ ಗುಹೆಯೊಳಗೆ ಯಾರೋ ಕೆಮ್ಮಿದರು.

ಹಾಳೆ ಮುಗಿಯಿತು. ಮುಂದಿನ ಹಾಳೆ ಇಲ್ಲ. ಕಾಣೆಯಾಗಿದ್ದುದು ಕೊನೆಯ ಹಾಳೆಯೇ; ಹಿಂದೆ ಅದನ್ನು ಓದಿದ್ದ ಹಳಬರಲ್ಲಿ ಈಗ ಯಾರೂ ಉಳಿದಿಲ್ಲ.

ಆ ಗಳಿಗೆಯಿಂದ ಈ ಬೆಟ್ಟದ ಮೇಲೆ ಬೇರೆ ಮಾತಿಲ್ಲ. ಚಹಾ ಎಲೆ ಕೀಳುವಲ್ಲಿ, ಮಂಡಿಯಲ್ಲಿ, ಬಸ್ಸಿಗೆ ಕಾಯುವಲ್ಲಿ ಒಂದೇ ಪ್ರಶ್ನೆ: ಕೆಮ್ಮಿದವರು ಯಾರು? ರಂಗನಾಥನ್ ಅಪ್ಪನೇ ಎಂದು ಆಣೆ ಇಡುತ್ತಾನೆ. ಲಿಂಗಿ ಹೆತ್ತೆ, ಗುಹೆಯೊಳಗೆ ಹಾಗೆ ಕೆಮ್ಮುವುದು ಚಿರತೆ, ನಮ್ಮ ದನದ ಕೊಟ್ಟಿಗೆಯ ಹಿಂದೆ ಎಷ್ಟು ಸಲ ಕೆಮ್ಮಿಲ್ಲ ಎನ್ನುತ್ತಾಳೆ. ಹೊಗೆಸೊಪ್ಪು ಮಾರುವ ಚೆಟ್ಟಿಯಾರರು, ಕೆಮ್ಮಿದ ರೀತಿ ನೋಡಿದರೆ ತಮ್ಮ ಗಿರಾಕಿಯೇ ಇರಬೇಕೆಂದು ನಗುತ್ತಾರೆ. ಹಾಲಿ ಮಾತ್ರ ಏನೂ ಊಹಿಸುವುದಿಲ್ಲ. ನಾನು ಹಕ್ಕಿಗೂಡಿನ ನೀಲಿ ಪುಸ್ತಕಕ್ಕೆ ಬೀಗ ತೆಗೆದು ಅವಳ ಮುಂದಿಟ್ಟು, ಇದು ನಿಜಕ್ಕೂ ಒಳ್ಳೆಯದು, ಒಂದು ಪುಟ ಓದಿ ನೋಡು ಎಂದೆ. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ, ಮಾಮಾ. ಕೆಮ್ಮಿದ್ದು ಯಾರೆಂದು ತಿಳಿವವರೆಗೆ ಬೇರೆ ಪುಸ್ತಕ ಮುಟ್ಟೆ. ಅದನ್ನೂ ನಡುವೆ ಕಿತ್ತುಕೊಂಡರೆ?"

ನೋಡಿ, ಮಾನ್ಯರೇ. ಒಬ್ಬ ಓದುಗಾರ್ತಿಯನ್ನು ಪಡೆಯಲು ನಮಗೆ ಒಂದು ಬೇಸಗೆ, ಒಂದು ಮಳೆಗಾಲ, ಒಬ್ಬ ಹೆತ್ತೆ ಮತ್ತು ಒಂದು ಗುಡ್ಡೆ ಆಲೂಗೆಡ್ಡೆ ಬೇಕಾಯಿತು. ಕಳೆದುಕೊಳ್ಳಲು ತಮ್ಮ ಒಂದು ಕರವಸ್ತ್ರ ಸಾಕಾಯಿತು. ಅವಳನ್ನು ನೋಡಿ ಉಳಿದ ಮಕ್ಕಳೂ ಬರುತ್ತಿಲ್ಲ. ವಾಚನಾಲಯದಲ್ಲಿ ಈಗ ನಾನೂ ಸಿಂಹಪಾದದ ತೊಟ್ಟಿಯೂ ಪರಸ್ಪರ ನೋಡಿಕೊಂಡು ಕೂತಿದ್ದೇವೆ.

ಇನ್ನು ಆ ಕೊನೆಯ ಹಾಳೆ. ಇಲ್ಲಿಯವರೆಗೆ ಓದಿದ್ದೀರೆಂದಾದರೆ ವದಂತಿ ಸುಳ್ಳಾಯಿತು. ನಾನು ಸಂತೋಷದಿಂದ ಕ್ಷಮೆ ಕೇಳುತ್ತೇನೆ. ಚೆಟ್ಟಿಯಾರರನ್ನು ಕೂರಿಸಿ, ಒಂದೊಂದು ಪೊಟ್ಟಣವೂ ಯಾರ ಮನೆಗೆ ಹೋಯಿತೆಂದು ಕೇಳಿದೆವು. ಅವರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಹೇಳಿದ್ದು ಹೀಗೆ: ರದ್ದಿ ತಂದುಹಾಕಿದ ಜವಾನ ಅಲ್ಲೇ ನಿಂತು, ದೊಡ್ಡವರಿಗೆ ಕೀಳ್ ಕೋತಗಿರಿಯ ಮಂಜು ತಗುಲಿ ಬಂದಂದಿನಿಂದ ಬಿಡದ ಕೆಮ್ಮು, ಕಷಾಯಕ್ಕೆ ಒಳ್ಳೆಯ ಗೂಡಲೂರು ಮೆಣಸು ಕೊಡಿ ಎಂದ. ಚೆಟ್ಟಿಯಾರರು ಕಟ್ಟಿನ ಮೇಲೆ ಮೊದಲು ಕೈಗೆ ಸಿಕ್ಕ ಪುಸ್ತಕದ ಕೊನೆಯ ಹಾಳೆಯನ್ನು ಕಿತ್ತು ಅದರಲ್ಲಿ ಮೆಣಸು ಕಟ್ಟಿಕೊಟ್ಟರು. ಅದೇ ಮೊದಲ ಪೊಟ್ಟಣ. ಮಾನ್ಯರೇ, ಆ ಹಾಳೆ ತಮ್ಮ ಬಂಗಲೆಯ ಅಡಿಗೆಮನೆಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆಗಳು. ಕಪ್ಪು ಪುಸ್ತಕಗಳ ಮೇಲಿನ ಆದೇಶವನ್ನು ತಾವು ಹಿಂದಕ್ಕೆ ತೆಗೆದುಕೊಳ್ಳಬೇಕು. ಬರುವ ಮಳೆಗಾಲಕ್ಕೆ ನಮ್ಮ ಪುಸ್ತಕಗಳು ಅಟ್ಟ ಏರಲೇಬೇಕು. ಗಾಜಿನ ಬೀರುವಿನ ಬೀಗ ತೆಗೆಸಬೇಕು. ಹಕ್ಕಿಗೂಡುಗಳಿಗೂ ಹೆಬ್ಬೆರಳಿನ ಕಲೆ ಬೀಳಲಿ. ತೊಟ್ಟಿಗಳ ಗ್ರಂಥವನ್ನು ಮಾತ್ರ ತಮ್ಮ ಕಚೇರಿಗೇ ಒಪ್ಪಿಸಲು ಅಪ್ಪಣೆಯಾಗಲಿ. ಇವೆಲ್ಲಕ್ಕೂ ಮುಂಚೆ, ಇಂದೇ, ಈ ಪತ್ರಿಕೆಯನ್ನು ಕೆಳಗಿಟ್ಟು, ಅಡಿಗೆಮನೆಗೆ ಹೋಗಿ. ಮೆಣಸಿನ ಡಬ್ಬಿಯ ಹಿಂದೆಯೋ, ಒಲೆಯ ಬದಿಯಲ್ಲೋ, ಕಪ್ಪಾಗಿ ಸುಕ್ಕಾಗಿ ಒಂದು ಕಾಗದ ಬಿದ್ದಿರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಆದರೂ ಎತ್ತಿಕೊಳ್ಳಿ, ಬಿಡಿಸಿ, ಸ್ಟೂಲೊಂದನ್ನು ಎಳೆದುಕೊಂಡು ಕೂತು ಓದಿ. ತಮ್ಮ ಕಾಲಿಗೆ ಜೋಮು ಹಿಡಿದರೆ ಆದೇಶದ ಗತಿ ಏನಾಗಬೇಕೆಂದು ತಮಗೇ ತಿಳಿಯುತ್ತದೆ; ನಾನು ಹೇಳಬೇಕಾಗಿಲ್ಲ. ಹಿಡಿಯದಿದ್ದರೂ ಹಾಳೆಯನ್ನು ಮಾತ್ರ ಕಳುಹಿಸಿಬಿಡಿ.

ಈ ಪತ್ರವನ್ನು ಅಚ್ಚಿಗೆ ಕಳುಹಿಸುವ ಮೊದಲು ಹಾಲಿಗೆ ಓದಿ ಹೇಳಿದೆ. ಕೊನೆಯಲ್ಲಿ ತನ್ನದೊಂದು ಮಾತು ಸೇರಿಸಬೇಕೆಂದಳು. ಬರೆದುಕೊಂಡದ್ದನ್ನು ಹಾಗೆಯೇ ಕೊಡುತ್ತೇನೆ: "ಸಾಮಿ ಓದುವುದಾದರೆ ಓದಲಿ, ಬೇಡವೆನ್ನುವುದಿಲ್ಲ. ಯಾರೆಂದು ಮಾತ್ರ ಯಾರಿಗೂ ಹೇಳಬಾರದು. ಅವರ ಕೆಮ್ಮು ವಾಸಿಯಾಗಲಿ."

ಇಂತಿ,
ಮೇಲಿನ ರಟ್ಟು ಹರಿದಿದ್ದರೂ ಹಾಳೆಗಳು ಇನ್ನೂ ಕ್ರಮವಾಗಿರುವ,
ತಾವು ಮರೆತುಹೋದ ಕೊಡೆಯನ್ನು ಈವರೆಗೂ ಜೋಪಾನವಾಗಿ ಹಿಡಿದು ನಿಂತಿರುವ,
ಆಲೂಗೆಡ್ಡೆ ಮಂಡಿಯ ಹಿಂದಿನ ವಾಚನಾಲಯದ ಗೌರವ ಕಾರ್ಯದರ್ಶಿ

ಕೀಳ್ ಕೋತಗಿರಿ,
ಪ್ರಜೋತ್ಪತ್ತಿ ಸಂವತ್ಸರದ ಕಾರ್ತಿಕ